ದ್ರಾಕ್ಷಾರಸದ ಪೀಪಾಯಿಯೂ ನಿರ್ವಾತದ ಕಥೆಯೂ

ಕಳೆದ ತಿಂಗಳು ಕ್ಯಾಲಿಫೋರ್ನಿಯಾದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಿಂಚಂಚೆ ಬಂದಿತು. 1991ರಲ್ಲಿ ಒಂಬತ್ತನೆಯ ತರಗತಿಯಲ್ಲಿ ಎರಡನೆಯ ಬೆಂಚಿನ ಕಿಟಕಿಯ ಬದಿಯಲ್ಲಿ ಕುಳಿತುಕೊಳ್ಳುತ್ತಿದ್ದವನು. ಹೆಸರು ಬರೆಯುವುದಿಲ್ಲ, ಅವನ ಜೊತೆಗೆ ಓದಿದವರಿಗೆ ಇಷ್ಟರಲ್ಲಿಯೇ ತಿಳಿದೀತು. ಅವನ ಪತ್ರದ ಸಾರ ಹೀಗಿತ್ತು:

"ಸರ್, ಬಯ್ಯಬೇಡಿ. ಇಲ್ಲಿ ಮನೆಯಲ್ಲಿಯೇ ವೈನ್ ಮಾಡುವ ಹವ್ಯಾಸ ಹತ್ತಿದೆ. ಒಂದು ಸಣ್ಣ ವ್ಯಾಕ್ಯೂಮ್ ಪಂಪನ್ನೂ ಬಾಟಲಿ ತೊಳೆಯಲು ನಲ್ಲಿಗೆ ಸಿಕ್ಕಿಸುವ ಒಂದು ಹಿತ್ತಾಳೆಯ ಸಾಧನವನ್ನೂ ತೆಗೆದುಕೊಂಡಿದ್ದೇನೆ. ಬಾಟಲಿ ತೊಳೆಯುವುದೇನೋ ಸುಲಭ. ಆದರೆ ಪಂಪಿಗೆ ಸ್ವಿಚ್ ಹಾಕಲು ಕೈ ಬರುವುದಿಲ್ಲ. ಗಾಜಿನ ಜಾಡಿ ಒಡೆದೀತೇ? ನಮ್ಮ ಲ್ಯಾಬಿನಲ್ಲಿ ನಡೆದದ್ದು ನೆನಪಾಗುತ್ತದೆ. ಅವತ್ತು ಫ್ಲಾಸ್ಕು ಕೆಳಗೆ ಬಿದ್ದು ಒಡೆದದ್ದಲ್ಲ, ಅಲ್ವಾ ಸರ್?"

ಕೊನೆಯ ಪ್ರಶ್ನೆಗೆ ಉತ್ತರವನ್ನು ಈ ಲೇಖನದ ಕಡೆಯಲ್ಲಿ ಕೊಡುತ್ತೇನೆ. ತಪ್ಪಿಸಿಕೊಳ್ಳುವ ಉದ್ದೇಶದಿಂದಲ್ಲ. ಮೊದಲಿನ ಪ್ರಶ್ನೆಗೆ ಉತ್ತರ ಹೇಳಹೊರಟರೆ ನಾಲ್ಕು ಶತಮಾನಗಳಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ, ಆ ದಾರಿಯಲ್ಲಿಯೇ ಎರಡನೆಯದಕ್ಕೂ ಉತ್ತರವಿದೆ.

ಮದ್ಯದ ಗಂಧವನ್ನೂ ಅರಿಯದ ಮನೆತನದಲ್ಲಿ ಹುಟ್ಟಿದ ನಾನು ಈ ವಿಷಯವನ್ನು ಎತ್ತಿಕೊಂಡದ್ದು ಕಂಡು ನನ್ನ ಅತ್ತಿಗೆಯವರು ಹುಬ್ಬೇರಿಸುವುದು ಖಂಡಿತ. ಅತ್ತಿಗೆ, ಇದು ಕುಡಿಯುವ ಲೇಖನವಲ್ಲ, ಗಾಳಿಯ ಲೇಖನ. ಅಲ್ಲದೆ ಅಮೆರಿಕದ ಕಾನೂನಿನಲ್ಲಿ ಇಬ್ಬರು ವಯಸ್ಕರಿರುವ ಮನೆಯವರು ಸ್ವಂತ ಬಳಕೆಗೆಂದು ವರ್ಷಕ್ಕೆ 200 ಗ್ಯಾಲನ್ನಿನವರೆಗೆ ತೆರಿಗೆಯಿಲ್ಲದೆ ವೈನ್ ತಯಾರಿಸಬಹುದು. ಹುಡುಗ ಕಳ್ಳಭಟ್ಟಿ ಇಳಿಸುತ್ತಿಲ್ಲ.

ಮನೆಯಲ್ಲಿ ವೈನ್ ಮಾಡುವುದನ್ನು ನಾನು ಮೊದಲು ಕಂಡದ್ದು ಕರಾವಳಿಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬಿಡಾರದ ಪಕ್ಕದ ಕ್ರೈಸ್ತರ ಮನೆಯಲ್ಲಿ. ಕ್ರಿಸ್ಮಸ್ಸಿಗೆ ಇನ್ನೂ ಒಂದೆರಡು ತಿಂಗಳಿರುವಾಗಲೇ ಆ ಮನೆಯ ಬಾಯಮ್ಮ ಪೇಟೆಯಿಂದ ಕಪ್ಪು ದ್ರಾಕ್ಷಿ ತರಿಸುತ್ತಿದ್ದರು. ಅದು ಬೆಂಗಳೂರು ನೀಲಿ ತಳಿಯ ಹಣ್ಣು; 2013ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ತಳಿಯೇ. ಹಣ್ಣನ್ನು ಕಿವುಚಿ, ಸಕ್ಕರೆ, ಗೋಧಿ, ಒಂದು ಚಿಟಿಕೆ ಯೀಸ್ಟು ಸೇರಿಸಿ ದೊಡ್ಡ ಭರಣಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟುವರು. ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುವರು. ಮೂರು ವಾರ ಕಳೆದ ಮೇಲೆ ಮೇಲಿನ ತಿಳಿಯನ್ನು ಬೇರೆ ಪಾತ್ರೆಗೆ ಇಳಿಸಬೇಕು, ತಳದ ಮಡ್ಡಿ ಕದಡಬಾರದು. ಭರಣಿಯನ್ನು ಬಗ್ಗಿಸಿದರೆ ಮಡ್ಡಿ ಏಳುತ್ತದೆ. ಆದುದರಿಂದ ರಬ್ಬರು ಕೊಳವೆಯ ಒಂದು ತುದಿಯನ್ನು ತಿಳಿಯಲ್ಲಿ ಅದ್ದಿ, ಇನ್ನೊಂದನ್ನು ಹಿರಿಯ ಮಗ ಬಾಯಿಂದ ಚೀಪಿ, ಬಂದೊಡನೆ ಕೆಳಗಿನ ಪಾತ್ರೆಗೆ ಬಿಡುತ್ತಿದ್ದ. ಮೊದಲ ಗುಟುಕನ್ನು ಉಗುಳಬೇಕೆಂದು ಬಾಯಮ್ಮನ ಕಟ್ಟಾಜ್ಞೆ. ಅವನು ಉಗುಳಿದ್ದನ್ನು ನಾನು ನೋಡಿಲ್ಲ.

ಬಾಟಲಿ ತೊಳೆಯುವುದು ಇನ್ನೂ ದೊಡ್ಡ ಸಂಭ್ರಮ. ಒರಟು ಮರಳನ್ನೂ ಅಂಟುವಾಳದ ನೀರನ್ನೂ ಹಾಕಿ, ಹೆಬ್ಬೆರಳಿನಿಂದ ಬಾಯಿ ಮುಚ್ಚಿ, ಮಕ್ಕಳೆಲ್ಲ ಸಾಲಾಗಿ ನಿಂತು ಕುಲುಕುವರು. ಒಮ್ಮೆ ಯಾವುದೋ ಎರಡು ಬಾಟಲಿಗಳಲ್ಲಿ ತುಂಬಿಟ್ಟದ್ದು ಹುಳಿಯಾಗಿ ಉಪ್ಪಿನಕಾಯಿಗಷ್ಟೇ ಯೋಗ್ಯವಾಯಿತು. "ಎಂಜಲು ಮುಟ್ಟಿದೆ" ಎಂದು ಬಾಯಮ್ಮ ಮಗನಿಗೆ ಬಯ್ದರು. ವಿಜ್ಞಾನದ ಮೇಷ್ಟ್ರೆಂಬ ಬಿಂಕದಲ್ಲಿ ನಾನು ಒಳಗೊಳಗೇ ನಕ್ಕಿದ್ದೆ. ನಕ್ಕದ್ದು ತಪ್ಪು, ಅದು ಮುಂದೆ ತಿಳಿಯುತ್ತದೆ.

ಈಗ ಚೀಪುವ ವಿಷಯ. ಕೊಳವೆಯಿಂದ ದ್ರವವನ್ನು ಬಾಯಿ ಎಳೆಯುತ್ತದೆಯೇ? ನಮ್ಮ ಪಠ್ಯಪುಸ್ತಕಗಳಲ್ಲಿ ಪಂಪಿಗೆ 'ರೇಚಕ' ಎಂದೂ, ಗಾಳಿ ತೆಗೆಯುವ ಪಂಪಿಗೆ 'ವಾಯುರೇಚಕ' ಎಂದೂ ಹೆಸರಿತ್ತು. ಪದ ಹೇಳಿದೊಡನೆ ಹಿಂದಿನ ಬೆಂಚುಗಳಲ್ಲಿ ನಗೆ ಏಳುತ್ತಿತ್ತು. ಪಂಡಿತರ ಅಂಗಡಿಯ ಭೇದಿ ಮದ್ದಿಗೂ ಅದೇ ಹೆಸರು. ನನಗಂತೂ ಅದು ಬಹಳ ಒಳ್ಳೆಯ ಪದವೆನಿಸುತ್ತಿತ್ತು. ಪ್ರಾಣಾಯಾಮದಲ್ಲಿ ರೇಚಕವೆಂದರೆ ಉಸಿರನ್ನು ಹೊರಕ್ಕೆ ಬಿಡುವುದು. ಪಂಪು ಮಾಡುವುದೂ ಅಷ್ಟೇ, ಪಾತ್ರೆಯ ಉಸಿರನ್ನು ಹೊರಗೆ ಹಾಕುವುದು. ಅದು ಯಾವುದನ್ನೂ ಎಳೆಯುವುದಿಲ್ಲ. ಉಳಿದ ಕೆಲಸವನ್ನು ಮಾಡುವುದು ಹೊರಗಿನ ಗಾಳಿ.

ಇದನ್ನು ಕಂಡುಕೊಳ್ಳಲು ಮನುಷ್ಯನಿಗೆ ಎರಡು ಸಾವಿರ ವರ್ಷ ಬೇಕಾಯಿತು. ಪ್ರಕೃತಿಗೆ ಬರಿದು ಎಂಬುದು ಅಸಹ್ಯ, ಎಲ್ಲಿ ಬರಿದಾಗುವುದೋ ಅಲ್ಲಿಗೆ ಏನನ್ನಾದರೂ ಎಳೆದು ತುಂಬುತ್ತದೆ ಎಂಬುದು ಅರಿಸ್ಟಾಟಲನ ಪರಂಪರೆಯವರ ನಂಬಿಕೆ. ಆದರೆ ಗಣಿಗಳಲ್ಲಿಯೂ ಬಾವಿಗಳಲ್ಲಿಯೂ ಕೆಲಸ ಮಾಡುತ್ತಿದ್ದವರಿಗೆ ಒಂದು ಸತ್ಯ ಗೊತ್ತಿತ್ತು: ಎಷ್ಟೇ ಒಳ್ಳೆಯ ಪಂಪಾದರೂ ಸುಮಾರು ಹತ್ತು ಮೀಟರಿಗಿಂತ ಮೇಲಕ್ಕೆ ನೀರನ್ನು ಏರಿಸದು. 1630ರಲ್ಲಿ ಜಿನೋವಾದ ಬಾಲಿಯಾನಿ ಎಂಬಾತ ಗುಡ್ಡವೊಂದನ್ನು ದಾಟಿಸಿ ಹಾಕಿದ ಸೈಫನ್ ಕೆಲಸ ಮಾಡುತ್ತಿಲ್ಲವೆಂದು ಗೆಲಿಲಿಯೋಗೆ ಪತ್ರ ಬರೆದ. ಗೆಲಿಲಿಯೋ 1638ರ ತನ್ನ ಗ್ರಂಥದಲ್ಲಿ ಕೊಟ್ಟ ವಿವರಣೆ ಇದು: ಉದ್ದವಾದ ಹಗ್ಗ ತನ್ನ ಭಾರಕ್ಕೆ ತಾನೇ ತುಂಡಾಗುವಂತೆ ನೀರಿನ ಕಂಬವೂ ತುಂಡಾಗುತ್ತದೆ. ಅಂಥ ಮಹಾನುಭಾವನೂ ಇಲ್ಲಿ ಎಡವಿದ. ಅವನ ಶಿಷ್ಯ ಟಾರಿಸೆಲ್ಲಿ ಸರಿದಾರಿ ಹಿಡಿದ. ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದ ಪಾದರಸವನ್ನು ಬಳಸಿ, ಹತ್ತು ಮೀಟರಿನ ಕಂಬವನ್ನು 76 ಸೆಂಟಿಮೀಟರಿಗೆ ಇಳಿಸಿದ. ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ವಾಸಿಸುವವರು ಎಂಬರ್ಥದ ಮಾತನ್ನು 1644ರ ಪತ್ರವೊಂದರಲ್ಲಿ ಬರೆದವನು ಅವನೇ.

ಇಲ್ಲಿಂದ ಮುಂದೆ ವೈನ್ ರಂಗಕ್ಕೆ ಬರುತ್ತದೆ. ಫ್ರಾನ್ಸಿನ ರುವಾನ್ ಪಟ್ಟಣದಲ್ಲಿ ಬ್ಲೇಸ್ ಪಾಸ್ಕಲ್ ಎಂಬ ಇಪ್ಪತ್ತಮೂರು ವರ್ಷದ ತರುಣನಿದ್ದ. ಪಾದರಸದ ಮೇಲಿನ ಖಾಲಿ ಜಾಗ ನಿಜವಾಗಿ ಖಾಲಿಯೋ ಅಲ್ಲವೋ ಎಂಬುದೇ ಆಗಿನ ಜಗಳ. ಅದು ಖಾಲಿಯಲ್ಲ, ದ್ರವದಿಂದ ಎದ್ದ ಆವಿ ಅಲ್ಲಿ ತುಂಬಿದೆ ಎಂದು ಹಳೆಯ ಪಂಡಿತರ ವಾದ. ಪಾಸ್ಕಲ್ ಆ ವಾದವನ್ನು ತಳ್ಳಿಹಾಕಲಿಲ್ಲ, ಅದನ್ನೇ ಪರೀಕ್ಷೆಗೆ ನಿಲ್ಲಿಸಿದ. ರುವಾನ್ ಗಾಜಿನ ಕೆಲಸಕ್ಕೆ ಹೆಸರಾದ ಊರು. ಅಲ್ಲಿ 46 ಅಡಿ ಉದ್ದದ ಗಾಜಿನ ಕೊಳವೆಗಳನ್ನು ಮಾಡಿಸಿ, ಒಡೆಯದಂತೆ ಹಡಗಿನ ಕೂವೆಮರಕ್ಕೆ ಕಟ್ಟಿಸಿದ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಕೆಂಪು ವೈನ್. ನಡೆಸುವ ಮೊದಲು ನೆರೆದವರನ್ನು ಕೇಳಿದ: ಯಾವುದು ಹೆಚ್ಚು ಕೆಳಗೆ ಇಳಿಯುತ್ತದೆ? ವೈನಿಗೆ ಆವಿಯ ಗುಣ ಹೆಚ್ಚು, ಆದುದರಿಂದ ಅದರ ಮೇಲೆ ಹೆಚ್ಚು ಆವಿ ತುಂಬಿ ಅದನ್ನು ಹೆಚ್ಚು ಕೆಳಗೆ ತಳ್ಳಬೇಕು ಎಂದು ಉತ್ತರ ಬಂತು. ಕೊಳವೆಗಳನ್ನು ಎತ್ತಿ ನಿಲ್ಲಿಸಿದಾಗ ಆದದ್ದು ತದ್ವಿರುದ್ಧ. ವೈನ್ ನೀರಿಗಿಂತ ತುಸು ಮೇಲೆಯೇ ನಿಂತಿತು. ವೈನ್ ನೀರಿಗಿಂತ ಕೊಂಚ ಹಗುರ. ಹೊರಗಿನ ಗಾಳಿಯ ಭಾರಕ್ಕೆ ಸರಿದೂಗಲು ಅದರ ಕಂಬ ಅಷ್ಟು ಎತ್ತರವಾಗಲೇಬೇಕು. ತಕ್ಕಡಿಯ ಲೆಕ್ಕ ಅಷ್ಟೇ. ಫಲಿತಾಂಶವನ್ನು ಮೊದಲೇ ಎದುರಾಳಿಯ ಬಾಯಿಂದ ಹೇಳಿಸಿ ಆಮೇಲೆ ಪ್ರಯೋಗ ಮಾಡುವ ಈ ಉಪಾಯವನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಕದ್ದು ಬಳಸಿದ್ದೇನೋ ಲೆಕ್ಕವಿಲ್ಲ. 1648ರಲ್ಲಿ ಪಾಸ್ಕಲನ ಭಾವ ಪೆರಿಯೇ ಪುಯಿ ದ ದೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊತ್ತು ಹೋಗಿ, ಎತ್ತರಕ್ಕೆ ಹೋದಂತೆ ಕಂಬ ತಗ್ಗುವುದನ್ನು ತೋರಿಸಿದ್ದು ನಿಮಗೆ ಪಾಠದಲ್ಲಿ ಬಂದಿದೆ.

ಆದರೆ ಇವರಾರೂ ಗಾಳಿ ತೆಗೆಯುವ ಪಂಪನ್ನು ಮಾಡಲಿಲ್ಲ. ಅದನ್ನು ಮಾಡಿದವನು ಜರ್ಮನಿಯ ಮಾಗ್ಡೆಬರ್ಗ್ ನಗರದ ಮೇಯರ್, ಆಟೋ ಫಾನ್ ಗೆರಿಕೆ. ನನಗೆ ಈ ಮನುಷ್ಯನ ಮೇಲೆ ವಿಶೇಷ ಪ್ರೀತಿ. ಮೂವತ್ತು ವರ್ಷಗಳ ಯುದ್ಧದಲ್ಲಿ, 1631ರ ಮೇ ತಿಂಗಳಲ್ಲಿ, ಅವನ ಊರನ್ನು ಶತ್ರುಸೈನ್ಯ ಸುಟ್ಟು ಸೂರೆ ಮಾಡಿತು. ಊರಿನ ಬಹುಪಾಲು ಜನ ಸತ್ತರು. ಸೆರೆಸಿಕ್ಕಿದ ಗೆರಿಕೆ ಬಿಡುಗಡೆಯ ಹಣ ಕೊಟ್ಟು ಪಾರಾಗಿ, ಎಂಜಿನಿಯರನಾಗಿ ದುಡಿದು, ಮುಂದೆ 1646ರಲ್ಲಿ ಅದೇ ಊರಿನ ಮೇಯರನಾದ. ಊರಿನ ಪರವಾಗಿ ಸಂಧಾನಗಳಿಗೆ ಅಲೆಯುತ್ತ, ಅದರ ನಡುವೆ ಬಿಡುವು ಸಿಕ್ಕಾಗಲೆಲ್ಲ 'ಬರಿದು' ಎಂದರೇನು ಎಂದು ಚಿಂತಿಸುತ್ತಿದ್ದ.

1650ರ ಸುಮಾರಿಗೆ ಅವನು ಮಾಡಿದ ಮೊದಲ ಪ್ರಯೋಗದ ಪಾತ್ರೆ ಯಾವುದು ಗೊತ್ತೇ? ವೈನ್ ಅಥವಾ ಬಿಯರ್ ತುಂಬುವ ಮರದ ಪೀಪಾಯಿ! ಬಿರುಕುಗಳನ್ನೆಲ್ಲ ಮುಚ್ಚಿ, ನೀರು ತುಂಬಿ, ಕೆಳಭಾಗಕ್ಕೆ ಹಿತ್ತಾಳೆಯ ಪಂಪೊಂದನ್ನು ಜೋಡಿಸಿದ. ಬೆಂಕಿ ಆರಿಸಲು ನೀರು ಚಿಮ್ಮಿಸುವ ಪಿಚಕಾರಿಯಂಥದ್ದು. ನೀರನ್ನು ಹೊರತೆಗೆದರೆ ಒಳಗೆ ಉಳಿಯುವುದು ಬರಿದು ಎಂಬುದು ಲೆಕ್ಕಾಚಾರ. ಮೂವರು ಬಲಿಷ್ಠರು ಕೊಂತವನ್ನು ಎಳೆಯುತ್ತಿದ್ದಂತೆ ಪೀಪಾಯಿಯ ಒಳಗಿನಿಂದ ನೀರು ಕುದಿಯುವಂಥ ಸದ್ದು ಕೇಳಿಬಂತು. ಗಾಳಿ ಮರದ ಸಂದುಗಳಿಂದ ನುಗ್ಗುತ್ತಿತ್ತು. ಗೆರಿಕೆ ಬಿಡಲಿಲ್ಲ. ಸಣ್ಣ ಪೀಪಾಯಿಯನ್ನು ದೊಡ್ಡ ಪೀಪಾಯಿಯೊಳಗೆ ಇರಿಸಿ, ನಡುವೆ ನೀರು ತುಂಬಿ, ಮತ್ತೆ ಹೊರತೆಗೆದ. ಈ ಬಾರಿ ಹಕ್ಕಿ ಚಿಲಿಪಿಲಿಗುಟ್ಟುವಂಥ ಸಣ್ಣ ಸದ್ದು ಮೂರು ದಿನ ಕೇಳಿಸುತ್ತಿತ್ತಂತೆ. ಮರವನ್ನು ಕೈಬಿಟ್ಟು ತಾಮ್ರದ ಗೋಳ ಮಾಡಿಸಿದ. ನೀರಿನ ಗೊಡವೆಯೂ ಬೇಡವೆಂದು ನೇರವಾಗಿ ಗಾಳಿಯನ್ನೇ ತೆಗೆಸಿದ.

ಇನ್ನೇನು ಗಾಳಿ ಮುಗಿಯಿತೆನ್ನುವಾಗ ದೊಡ್ಡ ಸದ್ದಿನೊಂದಿಗೆ ಆ ಲೋಹದ ಗೋಳ, ಮುಷ್ಟಿಯಲ್ಲಿ ಹಿಚುಕಿದ ಬಟ್ಟೆಯಂತೆ ಮುದುಡಿಹೋಯಿತು. ನೆರೆದವರು ಬೆಚ್ಚಿಬಿದ್ದರು. ಗೆರಿಕೆ ಕಾರಣ ಹುಡುಕಿದ: ಕಂಚುಗಾರ ಗೋಳವನ್ನು ಪೂರ್ತಿ ದುಂಡಗೆ ಮಾಡಿರಲಿಲ್ಲ, ಎಲ್ಲಿಯೋ ಒಂದೆಡೆ ಚಪ್ಪಟೆಯಾಗಿತ್ತು. ದುಂಡಾದ ಮೈ ಎಲ್ಲ ಕಡೆಯ ಒತ್ತಡವನ್ನು ತನ್ನೊಳಗೆ ಹಂಚಿಕೊಳ್ಳುತ್ತದೆ, ಕಲ್ಲಿನ ಕಮಾನಿನ ಹಾಗೆ. ಚಪ್ಪಟೆ ಭಾಗ ಹಂಚಿಕೊಳ್ಳಲಾರದು, ಒಳಕ್ಕೆ ಕುಸಿಯುತ್ತದೆ. ನಿಜವಾಗಿ ದುಂಡಗಿನ ಗೋಳ ಮಾಡಿಸಿದ ಮೇಲೆ ಪ್ರಯೋಗ ಫಲಿಸಿತು. ಈ ಚಪ್ಪಟೆಯ ಮಾತನ್ನು ನೆನಪಿನಲ್ಲಿಡಿ.

1654ರಲ್ಲಿ ರೇಗೆನ್ಸ್‌ಬರ್ಗಿನಲ್ಲಿ ಸಾಮ್ರಾಜ್ಯ ಸಭೆ ಸೇರಿದಾಗ ಗೆರಿಕೆ ತನ್ನ ಪಂಪನ್ನು ಚಕ್ರವರ್ತಿಯ ಮುಂದೆ ಪ್ರದರ್ಶಿಸಿದ. ಟಾರಿಸೆಲ್ಲಿ ಮಾಡಿದ್ದೇನೆಂಬುದು ಅವನಿಗೆ ತಿಳಿದದ್ದೇ ಅಲ್ಲಿ! ನಿಮ್ಮಲ್ಲಿ ಹಲವರಿಗೆ ನಾನು, ಎರಡು ಅರ್ಧಗೋಳಗಳನ್ನು ಕುದುರೆಗಳು ಎಳೆದದ್ದೂ ಆ ವರ್ಷವೇ, ಅದೇ ಊರಿನಲ್ಲಿಯೇ ಎಂದು ಬರೆಯಿಸಿದ್ದೇನೆ. ತಿದ್ದಿಕೊಳ್ಳಿ. ಕುದುರೆಗಳ ಪ್ರದರ್ಶನ ನಡೆದದ್ದು 1657ರಲ್ಲಿ, ಮಾಗ್ಡೆಬರ್ಗಿನಲ್ಲಿ, ಎಂದು ಇತಿಹಾಸಕಾರರು ಈಗ ಹೇಳುತ್ತಾರೆ. ಸುಮಾರು ಅರ್ಧ ಮೀಟರ್ ಅಡ್ಡಳತೆಯ ಅರ್ಧಗೋಳಗಳು. ಒಂದೊಂದು ಬದಿಗೆ ಎಂಟೆಂಟು ಕುದುರೆಗಳು. ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಂತೆ ಲೆಕ್ಕ ಹಾಕಿದರೆ ಅವನ್ನು ಹಿಡಿದಿಟ್ಟದ್ದು ಹೆಚ್ಚುಕಡಿಮೆ ಎರಡು ಟನ್ ಭಾರ. (ಒಂದು ಬದಿಯನ್ನು ಗೋಡೆಗೆ ಕಟ್ಟಿ ಇನ್ನೊಂದು ಬದಿಗೆ ಎಂಟೇ ಕುದುರೆ ಹೂಡಿದ್ದರೂ ಎಳೆತ ಅಷ್ಟೇ ಇರುತ್ತಿತ್ತು. ನ್ಯೂಟನ್ನನ ಮೂರನೆಯ ನಿಯಮ. ಉಳಿದ ಎಂಟು ಕುದುರೆಗಳು ನೋಡುವವರಿಗಾಗಿ.)

ಗೆರಿಕೆಯ ಪಂಪಿನ ಸುದ್ದಿಯನ್ನು 1657ರಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ಕಂಡ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್, ರಾಬರ್ಟ್ ಹುಕ್‌ನಿಂದ ಇನ್ನೂ ಒಳ್ಳೆಯ ಪಂಪನ್ನು ಮಾಡಿಸಿದ. ಗಾಜಿನ ಗೋಳದೊಳಗೆ ಬಿಸಿನೀರಿಟ್ಟು ಗಾಳಿ ತೆಗೆದಾಗ, ಒಲೆಯಿಲ್ಲದೆ ಆ ನೀರು ಕುದಿಯಿತು. ಒತ್ತಡ ತಗ್ಗಿದರೆ ದ್ರವದಲ್ಲಿ ಅಡಗಿದ ಅನಿಲಗಳೂ ಗುಳ್ಳೆಗಳಾಗಿ ಹೊರಡುತ್ತವೆ. ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೂ ಇದೇ.

ಇದಿಷ್ಟು ಪಂಪಿನ ವಂಶಾವಳಿ. ಬಾಟಲಿಗೂ ಒಂದು ವಂಶಾವಳಿಯಿದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಹದಿನೇಳನೆಯ ಶತಮಾನದವರೆಗೆ ವೈನ್ ಇರುತ್ತಿದ್ದದ್ದು ಪೀಪಾಯಿಯಲ್ಲಿ. ಗಾಜು ಮೇಜಿನ ಮೇಲಿನ ಅಲಂಕಾರ. ಇಂಗ್ಲೆಂಡಿನಲ್ಲಿ 1615ರಲ್ಲಿ ಗಾಜಿನ ಕುಲುಮೆಗಳಿಗೆ ಕಟ್ಟಿಗೆ ಉರಿಸುವುದನ್ನು ನಿಷೇಧಿಸಿದಾಗ ಕಲ್ಲಿದ್ದಲು ಬಂತು. ಅದರ ಹೆಚ್ಚಿನ ಕಾವಿನಲ್ಲಿ 1630ರ ದಶಕದಲ್ಲಿ ಕೆನೆಲ್ಮ್ ಡಿಗ್ಬಿ ಮುಂತಾದವರು ದಪ್ಪವಾದ, ಕಪ್ಪುಬಣ್ಣದ, ಗಟ್ಟಿ ಬಾಟಲಿಗಳನ್ನು ಮಾಡಿದರು. ಬಾಟಲಿ ಬಂದ ಮೇಲೆ ಅದನ್ನು ತೊಳೆಯುವ ತಾಪತ್ರಯವೂ ಬಂತು. ಬಾಯಮ್ಮ ಮರಳು ಹಾಕಿದಂತೆ ಯುರೋಪಿನವರು ಬಂದೂಕಿನ ಸೀಸದ ಚರೆ ಹಾಕಿ ಕುಲುಕುತ್ತಿದ್ದರು. ತಳದಲ್ಲಿ ಸಿಕ್ಕಿಕೊಂಡ ಒಂದೆರಡು ಚರೆಗಳು ಹುಳಿಯಾದ ವೈನಿನಲ್ಲಿ ಮೆಲ್ಲನೆ ಕರಗಿ ಕುಡಿದವರ ಹೊಟ್ಟೆಗೆ ಸೀಸದ ವಿಷ ಇಳಿಯುತ್ತಿತ್ತು. ಶುಚಿ ಮಾಡಲು ಹೋಗಿ ವಿಷವಿಟ್ಟಂತಾಯಿತು. ಬಾಯಮ್ಮನ ಮರಳೇ ಮೇಲು.

ಇನ್ನು ಎಂಜಲಿನ ಮಾತು. 1863ರಲ್ಲಿ ಮೂರನೆಯ ನೆಪೋಲಿಯನ್ ಚಕ್ರವರ್ತಿ, ಫ್ರಾನ್ಸಿನ ವೈನ್ ಏಕೆ ಕೆಡುತ್ತಿದೆ ನೋಡೆಂದು ಲೂಯಿ ಪಾಶ್ಚರನಿಗೆ ಹೇಳಿದ. 1866ರಲ್ಲಿ ಪಾಶ್ಚರ್ ತನ್ನ ಗ್ರಂಥವನ್ನು ಪ್ರಕಟಿಸಿದ. ಪ್ರತಿಯೊಂದು ಕೆಡುಕಿನ ಹಿಂದೆಯೂ ಸೂಕ್ಷ್ಮಜೀವಿಗಳಿದ್ದವು. ವೈನನ್ನು ವಿನಿಗರ್ ಮಾಡುವ ಜೀವಿಗೆ ಬದುಕಲು ಗಾಳಿ ಬೇಕು. ಕೊಳೆಯಾದ ಬಾಟಲಿ, ಬಾಯಿಯ ಸ್ಪರ್ಶ, ಗಾಳಿಯ ಸಂಪರ್ಕ, ಇವು ಮೂರೂ ವೈನಿನ ಶತ್ರುಗಳು. ಬಾಯಮ್ಮ ಪಾಶ್ಚರನನ್ನು ಓದಿರಲಿಲ್ಲ, ಆದರೆ 'ಎಂಜಲು' ಎಂಬ ಒಂದೇ ಪದದಲ್ಲಿ ಅವನ ಅರ್ಧ ಗ್ರಂಥ ಅವರಿಗೆ ಗೊತ್ತಿತ್ತು. ನಾನು ನಗಬಾರದಾಗಿತ್ತು.

ಈಗ ನನ್ನ ಶಿಷ್ಯನ ಅಡುಗೆಮನೆಗೆ ಬರೋಣ. ಅವನ ಬಾಟಲಿ ತೊಳೆಯುವ ಸಾಧನ ಸರಳವಾದದ್ದು: ನಲ್ಲಿಗೆ ತಿರುಗಿಸಿ ಕೂರಿಸುವ ಹಿತ್ತಾಳೆಯ ಕೊಕ್ಕೆ, ಮೇಲ್ಮುಖವಾದ ಸಣ್ಣ ಮೂತಿ, ಒಳಗೆ ಸ್ಪ್ರಿಂಗು. ಬಾಟಲಿಯನ್ನು ಬೋರಲಾಗಿ ಒತ್ತಿದರೆ ನೀರು ರಭಸದಿಂದ ತಳಕ್ಕೆ ಚಿಮ್ಮುತ್ತದೆ, ಎತ್ತಿದರೆ ನಿಲ್ಲುತ್ತದೆ. ಬಾಟಲಿ ಬರಿದಾದ ಕೂಡಲೇ ತೊಳೆದರೆ ಬ್ರಷ್ಷೂ ಬೇಡ. ಆದರೆ ತೊಳೆಯುವುದು ಬೇರೆ, ಸೂಕ್ಷ್ಮಜೀವಿಗಳನ್ನು ತೊಲಗಿಸುವುದು ಬೇರೆ. ಎರಡನೆಯದಕ್ಕೆ ಪೊಟಾಸಿಯಂ ಮೆಟಾಬೈಸಲ್ಫೈಟಿನ ದ್ರಾವಣವೋ ಅಂಥ ಇನ್ನೊಂದೋ ಬೇಕೇ ಬೇಕು.

ಪಂಪಿನ ಏರ್ಪಾಡು ಹೀಗೆ. ತುಂಬಿದ ಜಾಡಿಯೊಂದು ನೆಲದ ಮೇಲೆ, ಖಾಲಿ ಜಾಡಿಯೊಂದು ಮೇಜಿನ ಮೇಲೆ. ಐದು ಗ್ಯಾಲನ್ನಿನ ಈ ಗಾಜಿನ ಜಾಡಿಗೆ ಅವರು 'ಕಾರ್ಬಾಯ್' ಎನ್ನುತ್ತಾರೆ. ಪದ ಪರ್ಷಿಯನ್ ಭಾಷೆಯ 'ಕರಾಬಾ'ದಿಂದ ಹೋದದ್ದು, ನಮ್ಮ ಭರಣಿಯ ದೂರದ ನೆಂಟ. ಖಾಲಿ ಜಾಡಿಯ ಬಿರಡೆಗೆ ಎರಡು ತೂತು. ಒಂದರಿಂದ ಕೊಳವೆ ಪಂಪಿಗೆ, ಇನ್ನೊಂದರಿಂದ ತುಂಬಿದ ಜಾಡಿಯ ತಿಳಿಗೆ. ಪಂಪಿಗೂ ಜಾಡಿಗೂ ನಡುವೆ ಇನ್ನೊಂದು ಸಣ್ಣ ದಪ್ಪ ಬಾಟಲಿ, ಉಕ್ಕಿ ಬಂದ ನೊರೆ ಪಂಪಿನೊಳಗೆ ಹೋಗದಂತೆ. ಪಂಪು ಖಾಲಿ ಜಾಡಿಯ ಗಾಳಿಯನ್ನು ತೆಗೆದೊಡನೆ, ತುಂಬಿದ ಜಾಡಿಯ ಮೇಲಿನ ಹೊರಗಾಳಿ ವೈನನ್ನು ಕೆಳಗಿನಿಂದ ಮೇಲಕ್ಕೆ ದೂಡುತ್ತದೆ. ಇಪ್ಪತ್ತು ಕಿಲೋ ತೂಕದ ಜಾಡಿಯನ್ನು ಎತ್ತುವ ಕೆಲಸ ಉಳಿಯಿತು, ಎಂಜಲೂ ಇಲ್ಲ, ಹುದುಗಿದ ಇಂಗಾಲದ ಡೈಆಕ್ಸೈಡೂ ಒಂದಿಷ್ಟು ಹೊರಟುಹೋಗುತ್ತದೆ.

ಅಪಾಯವಿರುವುದು ಯಾವ ಜಾಡಿಗೆ? ತುಂಬಿದ ಜಾಡಿಗಲ್ಲ, ಅದು ತೆರೆದೇ ಇದೆ. ಖಾಲಿ ಜಾಡಿಗೆ. ಅದರ ಹೊರಮೈ ಸುಮಾರು ನಾಲ್ಕು ಸಾವಿರ ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಗಾಳಿಯನ್ನು ಪೂರ್ತಿ ತೆಗೆದಾಗ ಅದರ ಮೇಲೆ ಎಲ್ಲ ಕಡೆಯಿಂದ ಸೇರಿ ನಾಲ್ಕು ಟನ್ ಒತ್ತುತ್ತದೆ. ಆ ಜಾಡಿಯ ತಳ ಚಪ್ಪಟೆ. ಗಾಜು ತಾಮ್ರದಂತೆ ಮುದುಡಲಾರದು, ಸಿಡಿಯುತ್ತದೆ; ಚೂರುಗಳು ಒಳಕ್ಕೆ ಧಾವಿಸಿ, ಎದುರುಬದಿಯಿಂದ ಹೊರಕ್ಕೆ ಹಾರುತ್ತವೆ. ಅವನಿಗೆ ಹೀಗೆ ಬರೆದೆ: ಪಾಸ್ಕಲನ ಕೊಳವೆಯನ್ನು ನೆನೆದುಕೋ ಮಾರಾಯ. ಪೂರ್ಣ ನಿರ್ವಾತಕ್ಕೆ ವೈನ್ ಹತ್ತು ಮೀಟರ್ ಏರುತ್ತದೆ. ನಿನಗೆ ಬೇಕಾದದ್ದು ನೆಲದಿಂದ ಮೇಜಿಗೆ, ಒಂದು ಮೀಟರ್. ಅಂದರೆ ಹತ್ತರಲ್ಲಿ ಒಂದು ಪಾಲು ಗಾಳಿ ತೆಗೆದರೆ ಸಾಕು. ನಿಮ್ಮ ದೇಶದ ಮಾಪಕದಲ್ಲಿ ಮೂವತ್ತು ಇಂಚಿಗೆ ಮೂರು ಇಂಚು. ಐದಾರಾದರೆ ವೇಗವಾಗಿ ಹರಿದೀತು. ಒತ್ತಡದ ಮಾಪಕವನ್ನೂ ಗಾಳಿ ಬಿಡುವ ಕವಾಟವನ್ನೂ ಹಾಕದೆ ಸ್ವಿಚ್ ಮುಟ್ಟಬೇಡ. ಗೀರು ಬಿದ್ದ ಜಾಡಿ ಬೇಡ. ಗುಳ್ಳೆ ತೆಗೆಯಲು ಹೆಚ್ಚು ನಿರ್ವಾತ ಬೇಕಾದರೆ ಅದಕ್ಕೆಂದೇ ಮಾಡಿದ ದಪ್ಪ ಪಾತ್ರೆ ತೆಗೆದುಕೋ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕು. ಮಕ್ಕಳನ್ನು ಹತ್ತಿರ ನಿಲ್ಲಿಸಬೇಡ.

ಮಕ್ಕಳನ್ನು ಹತ್ತಿರ ನಿಲ್ಲಿಸಬೇಡ ಎಂದು ಬರೆದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

1991ರ ಮಳೆಗಾಲ. ಪ್ರಯೋಗಶಾಲೆಯ ಗಂಟೆಜಾಡಿ ಹಿಂದಿನ ವರ್ಷವೇ ಬಿರುಕುಬಿಟ್ಟಿತ್ತು. ಹೊಸದು ಬಂದಿರಲಿಲ್ಲ. ಗಾಳಿ ತೆಗೆದರೆ ಪುಗ್ಗೆ ತಾನಾಗಿ ಉಬ್ಬುವುದನ್ನು ತೋರಿಸಲೇಬೇಕೆಂಬ ಹಟ ನನಗೆ. ಒಂದು ಲೀಟರಿನ ಶಂಕುವಿನಾಕಾರದ ಫ್ಲಾಸ್ಕಿನೊಳಗೆ ಸಣ್ಣ ಪುಗ್ಗೆಯಿಟ್ಟು, ಬಿರಡೆ ಬಿಗಿದು, ಕೈಪಂಪು ಜೋಡಿಸಿದೆ. ತೆಳ್ಳನೆಯ ಗಾಜು, ಚಪ್ಪಟೆ ತಳ. ಗೆರಿಕೆಯ ಅರ್ಧಗೋಳಗಳ ಪಾಠವನ್ನು ಹಿಂದಿನ ದಿನವಷ್ಟೇ ಮುಗಿಸಿದ್ದೆ. ಮುದುಡಿಹೋದ ಗೋಳದ ಕಥೆಯನ್ನು ನಾನೇ ಆಗ ಓದಿರಲಿಲ್ಲ. ಅಂಥ ಫ್ಲಾಸ್ಕಿನಿಂದ ಗಾಳಿ ತೆಗೆಯಬಾರದೆಂಬುದು ಮಾತ್ರ ಬಿ.ಎಡ್. ಓದುವಾಗಲೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ. ಮುಂದಿನ ಬೆಂಚಿನ ಒಬ್ಬ ಹುಡುಗನನ್ನು ಕರೆದು, ಅಲುಗದಂತೆ ಹಿಡಿದುಕೋ ಎಂದೆ. ಪುಗ್ಗೆ ಉಬ್ಬಿತು, ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ಇನ್ನೂ ನಾಲ್ಕು ಸಲ ಎಳೆದೆ.

ಹುಡುಗನ ಬಲಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ಕಣ್ಣು ಉಳಿಯಿತು. ವಿಚಾರಣೆಯಾದಾಗ ನನ್ನ ಬಾಯಿಂದ ಬಂದ ಮಾತು, "ಹುಡುಗನ ಕೈ ಜಾರಿ ಬಿದ್ದು ಒಡೆಯಿತು." ಒಡೆದ ಸಾಮಾನಿನ ಪುಸ್ತಕದಲ್ಲಿ ಹಾಗೆಯೇ ಬರೆದು ಸಹಿ ಹಾಕಿದೆ. ನಿಯಮದಂತೆ 42 ರೂಪಾಯಿಯನ್ನು ಹುಡುಗನ ಮನೆಯಿಂದ ವಸೂಲು ಮಾಡಲಾಯಿತು. ಅವನ ತಾಯಿ ಬೀಡಿ ಕಟ್ಟಿ ಸಂಸಾರ ಸಾಗಿಸುತ್ತಿದ್ದರು. ನಾನೇ ಕಟ್ಟಿಬಿಡೋಣವೆಂದು ಎರಡು ಬಾರಿ ಅಂದುಕೊಂಡೆ. ಕಟ್ಟಿದರೆ ಏಕೆಂದು ಯಾರಾದರೂ ಕೇಳಿಯಾರೆಂದು ಹೆದರಿ ಬಿಟ್ಟೆ. ನಿವೃತ್ತಿಯ ದಿನ ನೀವೆಲ್ಲ ಹಾರ ಹಾಕಿ ಹೊಗಳುತ್ತಿದ್ದಾಗಲೂ ಆ ಪುಸ್ತಕದ ಪುಟ ಕಣ್ಣಮುಂದಿತ್ತು.

ಫ್ಲಾಸ್ಕು ಬಿದ್ದು ಒಡೆದದ್ದಲ್ಲ. ಎರಡನೆಯ ಬೆಂಚಿನವನೇ, ನೀನು ಕಂಡದ್ದು ಸರಿ.

ಅವನಿಗೆ ಉತ್ತರ ಬರೆದು ನಾಲ್ಕು ದಿನಗಳ ಬಳಿಕ ಬಸ್ಸು ಹತ್ತಿ ಆ ಊರಿಗೆ ಹೋದೆ. ಗಾಯಗೊಂಡ ಹುಡುಗ ಈಗ ಅಲ್ಲಿಯೇ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ಅವನ ಮಗಳೇ ಕಾಲೇಜಿಗೆ ಹೋಗುತ್ತಾಳೆ. ಹುಬ್ಬಿನ ಗೆರೆ ಹಾಗೆಯೇ ಇದೆ. ಗಿರಾಕಿಗಳು ಹೋಗುವವರೆಗೆ ಕಾದು, ನಡೆದದ್ದನ್ನು ಹೇಳಿ, ಐವತ್ತರ ನೋಟೊಂದನ್ನು ಮುಂದಿಟ್ಟೆ. ಬೇಡವೆನ್ನುತ್ತಾನೆಂದು ಎಣಿಸಿದ್ದೆ. ಅವನು ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕಿ, ಎಂಟು ರೂಪಾಯಿ ಚಿಲ್ಲರೆ ಎಣಿಸಿ ನನ್ನ ಕೈಗೆ ಕೊಟ್ಟ.

"ಕೈ ಜಾರಿದ್ದಲ್ಲ ಅಂತ ಅವತ್ತೇ ಅಮ್ಮನಿಗೆ ಹೇಳಿದ್ದೆ ಸರ್. ಮಾಷ್ಟ್ರು ಸುಳ್ಳು ಹೇಳ್ತಾರಾ ಅಂತ ನನಗೇ ಎರಡು ಬಿಟ್ಟಿದ್ರು" ಎಂದ. ಸ್ವಲ್ಪ ಹೊತ್ತಿನ ಮೇಲೆ, "ಅಮ್ಮ ಮನೆಯಲ್ಲೇ ಇದ್ದಾರೆ. ಕಿವಿ ಸ್ವಲ್ಪ ಮಂದ. ಒಮ್ಮೆ ಬನ್ನಿ, ನೀವೇ ಹೇಳಿ" ಎಂದ.

ಬರುವ ಭಾನುವಾರ ಹೋಗುವುದೆಂದು ಆಗಿದೆ.